ಮಾವನವರ ಬಣ್ಣ

ಬಣ್ಣಗಳ ವಿಷಯದಲ್ಲಿ ನಾವು ಸ್ವಲ್ಪ ಸೋಮಾರಿಗಳು ಎಂದು ನನಗೆ ಬಹಳ ದಿನದ ಅನುಮಾನ. ಹೊಸ ಹೆಸರು ಹುಡುಕುವ ಕಷ್ಟಕ್ಕೆ ಹೋಗದೆ, ಕಣ್ಣೆದುರು ಬಿದ್ದಿದ್ದ ವಸ್ತುವಿನ ಹೆಸರನ್ನೇ ಬಣ್ಣಕ್ಕೂ ಅಂಟಿಸಿ ಕೈತೊಳೆದುಕೊಂಡಿದ್ದೇವೆ. ಹಣ್ಣು ನೇರಳೆ, ಬಣ್ಣವೂ ನೇರಳೆ. ಕಿತ್ತಳೆಯದೂ ಅದೇ ಕತೆ. ಒಲೆಯ ಬೂದಿಯಿಂದ ಬೂದು, ಹಸಿ ಎಲೆಯಿಂದ ಹಸಿರು. ಹಳದಿ ಎನ್ನುವುದು ಉತ್ತರದ ಕಡೆಯವರು ಅರಿಶಿನಕ್ಕೆ ಇಟ್ಟ ಹೆಸರು; ಮನೆಯಲ್ಲಿ ಡಬ್ಬಿ ತುಂಬ ಅರಿಶಿನವಿದ್ದರೂ ಬಣ್ಣಕ್ಕೆ ಮಾತ್ರ ಪಕ್ಕದವರ ಮನೆಯಿಂದ ಕೇಳಿ ತಂದಿದ್ದೇವೆ. ಖಾಕಿ ಎಂದರೆ ಪಾರ್ಸಿ ಭಾಷೆಯಲ್ಲಿ ಧೂಳಿನದು ಎಂದು ಅರ್ಥವಂತೆ. ನಮ್ಮ ಮಾವನವರು ಸಿಟಿ ಬಸ್ಸಿನ ಡ್ರೈವರಾಗಿದ್ದು ಜೀವನವೆಲ್ಲ ಖಾಕಿ ತೊಟ್ಟವರು. ಅವರ ಅಂಗಿ ಹಿಂಡಿದ ನೀರನ್ನು ನೋಡಿದವಳಾದ್ದರಿಂದ ಆ ಅರ್ಥವನ್ನು ನಾನು ನಿಘಂಟು ತೆಗೆಯದೆಯೇ ಒಪ್ಪುತ್ತೇನೆ.

ಆದರೆ ಮನುಷ್ಯರ ಮೈಬಣ್ಣದ ಮಾತು ಬಂದರೆ ನಮ್ಮಷ್ಟು ಚುರುಕು ಯಾರೂ ಇಲ್ಲ. ಬೆಳ್ಳಗಿರುವವರನ್ನು ಕೆಂಪಗಿದ್ದಾರೆ ಎನ್ನುತ್ತೇವೆ. ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರು ಗೋಧಿ ಬಣ್ಣ, ಅದಕ್ಕೂ ಕೆಳಗೆ ಎಣ್ಣೆಗೆಂಪು. ಅಲ್ಲಿಗೂ ನಿಲ್ಲದಿದ್ದರೆ ಬಣ್ಣದ ಸುದ್ದಿಯನ್ನೇ ಎತ್ತದೆ, ಲಕ್ಷಣವಾಗಿದ್ದಾರೆ ಎಂದು ಮುಗಿಸಿಬಿಡುತ್ತೇವೆ. ಕಪ್ಪು ಎಂಬ ಮಾತನ್ನು ಕೂದಲಿಗೂ ಎಮ್ಮೆಗೂ ಮೀಸಲಿಟ್ಟಿದ್ದೇವೆ. ನಮ್ಮತ್ತೆಗೆ ಸಂಬಂಧ ತಂದವರು ಹುಡುಗ ಎಣ್ಣೆಗೆಂಪು ಎಂದಿದ್ದರಂತೆ. "ಎಣ್ಣೆಯೇನೋ ಇತ್ತು ಕಣೇ, ಕೆಂಪು ಎಲ್ಲಿತ್ತೋ ಕಾಣೆ" ಎಂದು ಅತ್ತೆ ಮಾವನವರ ಎದುರಿಗೇ ಹೇಳುತ್ತಿದ್ದರು. ಮಾವನವರು ಪೇಪರಿನಿಂದ ತಲೆಯೆತ್ತದೆ ನಗುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು.

ಈಗ ನನ್ನ ಕಷ್ಟಕ್ಕೆ ಬರುತ್ತೇನೆ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅದು ಯಾವಾಗ ಶುರುವಾಯಿತೋ ಗೊತ್ತಿಲ್ಲ, ನಾನು ಬಟ್ಟೆ ಒಗೆಯುವುದು ಅವರಿಗೆ ಹಿಡಿಸದೆ ಹೋದ ಕಾಲದಿಂದ ಎಂದು ಈಗ ಲೆಕ್ಕ ಹಾಕುತ್ತೇನೆ. ಮಾವನವರ ಪಂಚೆ ಹಳದಿಯಾಗಿದೆ ಎನ್ನುತ್ತಿದ್ದರು. ನಾನು ಸೋಪು ಬದಲಿಸಿದೆ, ಬಿಸಿನೀರಿನಲ್ಲಿ ನೆನೆಸಿದೆ, ಬೆಳ್ಳಗಾಗಲಿ ಎಂದು ನೀಲಿ ಹಾಕಿದೆ. ನೀರು ಸರಿಯಿಲ್ಲವೇನೋ ಎಂಬ ಚಿಂತೆಯಿಂದ ಶುರುವಾಗಿ, ಇದೇ ನೀರನ್ನು ಕುಡಿಯುವ ನಮ್ಮೆಲ್ಲರ ಕಿಡ್ನಿಯ ಗತಿಯೇನು ಎಂಬಲ್ಲಿಗೆ ಹೋಗಿ ಮುಟ್ಟಿದ್ದೆ. ಚಿಂತೆ ಮಾಡುವುದು ನನಗೆ ಹವ್ಯಾಸ. ಬೇರೆಯವರು ಕಸೂತಿ ಹಾಕುತ್ತಾರೆ. ಮೊದಲ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿಕೊಂಡು ಕುರುಬರಹಳ್ಳಿಯ ಮನೆಗೆ ಬಂದ ದಿನ, ಅತ್ತೆ ತಂತಿಯ ಮೇಲಿದ್ದ ತಮ್ಮ ಮಗನ ಬನಿಯನ್ ನೋಡಿ ನಿಂತರು. ಇಷ್ಟು ವರ್ಷದ ಅಪವಾದ ಕಳೆಯಿತೆಂದು ನಾನು ಕಾದೆ. "ನೀಲಿ ಜಾಸ್ತಿ ಹಾಕಿದೀಯ" ಎಂದರು. ಒಳಗೆ ಹೋಗಿ ಸ್ವಲ್ಪ ಹೊತ್ತಾದ ಮೇಲೆ, ಹಾಗಾದರೆ ಮಾವನವರಿಗೆ ಕೊನೆಯ ದಿನ ಉಡಿಸಿದ ಪಂಚೆಯೂ ಬೆಳ್ಳಗೇ ಇತ್ತೇ ಎಂದು ಕೇಳಿದರು. ಇತ್ತು ಎಂದೆ. ಮಾಸಲು ಬಟ್ಟೆಯಲ್ಲಿ ಕಳಿಸಿಕೊಟ್ಟೆ ಎಂದು ಎರಡು ವರ್ಷದಿಂದ ಒಳಗೇ ಕೊರಗುತ್ತಿದ್ದರಂತೆ.

ಎರಡನೆಯ ಕಣ್ಣಿಗೆ ಒಂದು ತಿಂಗಳು ಬಿಟ್ಟು ಬನ್ನಿ ಎಂದಿದ್ದರು ಡಾಕ್ಟರು. ತಿಂಗಳಾಯಿತು, ಎರಡು ತಿಂಗಳೂ ಆಯಿತು, ಅತ್ತೆ ಒಲ್ಲೆ ಎಂದರು. ಆ ಪೊರೆ ಬಲಿತಿದೆ, ತಡ ಮಾಡಿದರೆ ತೆಗೆಯುವುದು ಕಷ್ಟ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಎರಡು ಕಣ್ಣೂ ಎರಡು ತರಹ ನೋಡಿ ಅತ್ತೆಗೆ ಮೆಟ್ಟಿಲಿನ ಅಂದಾಜು ಸಿಗುತ್ತಿರಲಿಲ್ಲ. ಒಮ್ಮೆ ಹಿತ್ತಲ ಬಾಗಿಲಲ್ಲಿ ಎಡವಿ ಮಂಡಿ ತರಚಿಕೊಂಡರು. ನಾನು ಮೂಳೆ ಮುರಿತದಿಂದ ಹಿಡಿದು ಹಾಸಿಗೆ ಹಿಡಿಯುವವರೆಗಿನ ಎಲ್ಲ ಹಂತಗಳನ್ನೂ ಮನಸ್ಸಿನಲ್ಲಿ ನೋಡಿ ಮುಗಿಸಿದೆ. ನಮ್ಮ ಮನೆಯವರು ತಾಯಿಯ ಮೇಲೆ ರೇಗಿದರು, ಆಮೇಲೆ ಗೋಗರೆದರು, ಕೊನೆಗೆ ಹೆಂಗಸರ ವಿಷಯ ಹೆಂಗಸರೇ ನೋಡಿಕೊಳ್ಳಲಿ ಎಂದು ಆಫೀಸಿಗೆ ಹೋದರು.

ಅಂದು ಅತ್ತೆ ಹಾಲ್‌ನಲ್ಲಿ ಮಾವನವರ ಫೋಟೊದ ಮುಂದೆ ಕುಳಿತಿದ್ದರು. ಸೆರಗಿನ ತುದಿಯಿಂದ ಒಂದು ಕಣ್ಣು ಮುಚ್ಚುವುದು, ನೋಡುವುದು. ಇನ್ನೊಂದು ಮುಚ್ಚುವುದು, ನೋಡುವುದು. ನಾನು ಪಕ್ಕದಲ್ಲಿ ಕುಳಿತ ಮೇಲೆ ನಿಧಾನವಾಗಿ ಹೇಳಿದರು.

"ಈ ಹಳೇ ಕಣ್ಣಲ್ಲಿ ನೋಡಿದ್ರೆ ಅವರೇ. ಹೊಸ ಕಣ್ಣಲ್ಲಿ ನೋಡಿದ್ರೆ ಯಾರೋ ಹಾರ ಹಾಕ್ಕೊಂಡು ನಿಂತಿದಾರೆ ಕಣೇ. ಇದನ್ನೂ ಮಾಡಿಸ್ಬಿಟ್ರೆ ಅವರನ್ನ ನಾನು ಎಲ್ಲಿಗೆ ಹೋಗಿ ನೋಡ್ಲಿ?"

ಆಗ ನಾನು ಫೋಟೊ ನೋಡಿದೆ. ದಿನಾ ಬೆಳಿಗ್ಗೆ ಅದಕ್ಕೆ ಹೂವಿಡುವವಳು ನಾನೇ, ನೋಡಿದ್ದು ಮಾತ್ರ ಅಂದೇ. ತಿಳಿನೀಲಿ ಆಕಾಶದ ಮುಂದೆ, ಗೋಧಿಯನ್ನೂ ದಾಟಿ ಕೆಂಪಗೆ, ಮೈದಾಹಿಟ್ಟಿನಂಥ ಕೆನ್ನೆಯ ಒಬ್ಬ ಸಭ್ಯ ಗೃಹಸ್ಥರು ನಿಂತಿದ್ದರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಅವಸರದಲ್ಲಿ ಮಾಡಿಸಿದ ಫೋಟೊ ಅದು. ಸತ್ತವರಿಗೆ ತಮ್ಮ ಕೈಲಾದ ಉಪಕಾರವಾಗಲಿ ಎಂದು ಸ್ಟುಡಿಯೋದವರು ಬೆಳ್ಳಗೆ ಮಾಡಿಕೊಟ್ಟಿದ್ದರು. ಬಂದ ನೆಂಟರೆಲ್ಲ ಎಷ್ಟು ಕಳೆಯಾಗಿ ಬಂದಿದ್ದಾರೆ ಎಂದು ಮೆಚ್ಚಿದ್ದರು. ಅತ್ತೆಯ ಕಣ್ಣಿನ ಪೊರೆಯೊಂದೇ ಆ ಬಿಳುಪಿನ ಮೇಲೆ ದಿನವೂ ಕಂದು ಬಳಿದು ಮಾವನವರನ್ನು ಮರಳಿ ಮಾವನವರನ್ನಾಗಿ ಮಾಡುತ್ತಿತ್ತು.

ಸ್ಟುಡಿಯೋ ಇನ್ನೂ ಅಲ್ಲೇ ಇತ್ತು, ಸರ್ಕಲ್ ದಾಟಿದ ಮೇಲೆ. ಅದರ ಮಾಲೀಕರಿಗೆ ನನ್ನ ಬೇಡಿಕೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಬೆಳ್ಳಗೆ ಮಾಡಿ ಅಂತ ಮದುವೆಯವರೂ ಬರ್ತಾರೆ, ತಿಥಿಯವರೂ ಬರ್ತಾರೆ ಮೇಡಂ. ಕಪ್ಪು ಮಾಡಿ ಅಂತ ಬಂದೋರು ನೀವೇ" ಎಂದರು. ಮೂಲ ಚಿತ್ರ ನನ್ನ ಫೋನಿನಲ್ಲಿತ್ತು, ಆದರೆ ಅದು ಮದುವೆಮನೆಯ ದೀಪದಲ್ಲಿ ತೆಗೆದದ್ದು. ಮದುಮಕ್ಕಳಿಗೆ ಹಚ್ಚಿ ಉಳಿದ ಅರಿಶಿನವನ್ನೆಲ್ಲ ಮಾವನವರಿಗೆ ಬಳಿದಂತಿತ್ತು. ಮಾಲೀಕರು ಕಂಪ್ಯೂಟರಿನಲ್ಲಿ ಮಾವನವರ ಮುಖವನ್ನು ಸ್ವಲ್ಪ ಸ್ವಲ್ಪವೇ ಕಪ್ಪಾಗಿಸುತ್ತಾ, ಎಲ್ಲಿ ನಿಲ್ಲಿಸಲಿ ಎಂದು ಕೇಳಿದರು. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿ ಅನ್ನ ಬಡಿಸಿದ ಮುಖ. ನನಗೆ ಗೊತ್ತಾಗಲಿಲ್ಲ. ಅತ್ತೆಗೆ ಫೋನ್ ಮಾಡಿದೆ.

"ಹುಣಸೆಹಣ್ಣಿಲ್ವಾ, ಹೊಸದಲ್ಲ, ಹೋದ ವರ್ಷದ್ದು, ಆ ಬಣ್ಣ" ಎಂದರು ಅತ್ತೆ, ಮೊದಲೇ ಯೋಚಿಸಿಟ್ಟವರಂತೆ. "ಬಲಗೆನ್ನೆ ಮಾತ್ರ ಇನ್ನೊಂಚೂರು ಜಾಸ್ತಿ ಮಾಡಕ್ಕೆ ಹೇಳು."

"ಬಲಗೆನ್ನೆ ಯಾಕತ್ತೆ?"

"ಯಾಕೆ ಅಂದ್ರೆ? ಬಸ್ಸಲ್ಲಿ ಬಿಸಿಲು ಆ ಕಡೆ ಕಿಟಕಿಯಿಂದ ತಾನೆ ಬಡೀತಿದ್ದಿದ್ದು. ಬಲಗೈನೂ ಹಾಗೇ ಇತ್ತು. ರಿಟೈರಾದ್ರೂ ಅದು ಹೋಗ್ಲೇ ಇಲ್ಲ."

ಫೋನಿನ ಚಿತ್ರವನ್ನು ಮತ್ತೆ ನೋಡಿದೆ. ಅಷ್ಟೂ ಅರಿಶಿನದ ನಡುವೆಯೂ ಬಲಗೆನ್ನೆ ಒಂದು ಪಟ್ಟು ಹೆಚ್ಚು ಕಪ್ಪಗಿತ್ತು. ಹೇಳಿದ ಮೇಲೆ ಮಗುವಿಗೂ ಕಾಣುವಷ್ಟು.

ಹೊಸ ಫೋಟೊ ತಂದ ಸಂಜೆ ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಹಳೆಯ ಕಣ್ಣನ್ನು ಸೆರಗಿನಿಂದ ಮುಚ್ಚಿ, ಹೊಸ ಕಣ್ಣಿನಿಂದ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಇನ್ನೊಂದು ಸುತ್ತು ಸ್ಟುಡಿಯೋಗೆ ಹೋಗಬೇಕಾಗುತ್ತದೇನೋ, ಕಾಯುತ್ತಾ ಕಾಯುತ್ತಾ ಆ ಇನ್ನೊಂದು ಕಣ್ಣು ಕೆಟ್ಟೇ ಹೋಗುತ್ತದೇನೋ ಎಂದು ಯೋಚಿಸುತ್ತಾ ನಿಂತಿದ್ದೆ.

"ಬಂದ್ರಾ" ಎಂದರು ಅತ್ತೆ. ನನಗಲ್ಲ.

ಆಮೇಲೆ ಕಣ್ಣೊರೆಸಿಕೊಳ್ಳಲು ಹೋಗಿ, ಆಪರೇಷನ್ ಆದ ಕಣ್ಣು ಉಜ್ಜಬಾರದೆಂಬುದು ನೆನಪಾಗಿ, ಕಣ್ಣೀರನ್ನು ಹಾಗೆಯೇ ಹರಿಯಲು ಬಿಟ್ಟರು. ಗೋಡೆಯ ಮೇಲಿದ್ದ ಕೆಂಪನೆಯ ಗೃಹಸ್ಥರನ್ನು ಏನು ಮಾಡಲಿ ಎಂದು ನಾನು ಕೇಳಿದೆ. "ಬಿಸಾಕ್ಬೇಡ, ಪಾಪ. ಯಾರೋ ಏನೋ, ಎರಡು ವರ್ಷ ನಮ್ಮನೇಲಿ ಹೂ ಹಾಕಿಸ್ಕೊಂಡಿದಾರೆ" ಎಂದರು. ಈಗ ಅವರು ಪೇಪರಿನಲ್ಲಿ ಸುತ್ತಿಕೊಂಡು ಅಟ್ಟದ ಮೇಲಿದ್ದಾರೆ.

ಮುಂದಿನ ವಾರವೇ ಅತ್ತೆ ಎರಡನೆಯ ಕಣ್ಣಿನ ಆಪರೇಷನ್ನಿಗೆ ತಕರಾರಿಲ್ಲದೆ ಬಂದರು. ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಹೊರಗೆ ಸುಮ್ಮನೆ ಕೂರಲಾರದೆ ನಾನೂ ಕಣ್ಣು ಪರೀಕ್ಷೆ ಮಾಡಿಸಿಕೊಂಡೆ. ನನಗೆ ಏನಾದರೂ ಇದ್ದೇ ಇರುತ್ತದೆ ಎಂಬ ಭರವಸೆಯಿತ್ತು. ಪೊರೆ, ಇಲ್ಲವೇ ಅದಕ್ಕಿಂತ ದೊಡ್ಡದು, ಹೆಸರು ಕೇಳಿದರೇ ಭಯವಾಗುವಂಥದ್ದು. ಡಾಕ್ಟರು ದೀಪ ಹಾಕಿ ನೋಡಿದರು, ಅಕ್ಷರ ಓದಿಸಿದರು, ಬಣ್ಣದ ಚುಕ್ಕಿಗಳಲ್ಲಿ ಅಡಗಿದ್ದ ಅಂಕಿಗಳನ್ನು ಹೇಳಿಸಿದರು. ಎಲ್ಲವನ್ನೂ ಸರಿಯಾಗಿ ಹೇಳಿದೆ. ಈ ವಯಸ್ಸಿಗೆ ಇಷ್ಟು ಚೆನ್ನಾಗಿರುವ ಕಣ್ಣು ಅಪರೂಪ, ಯಾವ ದೋಷವೂ ಇಲ್ಲ ಎಂದರು. ನನಗೆ ಮಾವನವರ ಬಲಗೆನ್ನೆ ನೆನಪಾಯಿತು. ಜೀವನದಲ್ಲಿ ಮೊದಲ ಸಲ ಒಬ್ಬ ಡಾಕ್ಟರು ನನಗೆ ಒಳ್ಳೆಯ ಸುದ್ದಿ ಕೊಟ್ಟಿದ್ದಾರೆ. ಅದನ್ನು ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.