ಇಂಗ್ಲೆಂಡಿಗೆ ಒಂದೂವರೆ ಮೈಲಿ

ನಮ್ಮ ಭಾವ ಇಂಗ್ಲೆಂಡಿಗೆ ಹೊರಟು ನಾಲ್ಕು ವರ್ಷಗಳಲ್ಲಿ ಒಂದೂವರೆ ಮೈಲಿ ಕ್ರಮಿಸಿದರು. ಇದೆಂಥ ವೇಗ ಎನ್ನುತ್ತೀರಾ? ನಿಲ್ಲಿ, ಆ ಒಂದೂವರೆ ಮೈಲಿಯನ್ನೂ ಕ್ರಮಿಸಿದ್ದು ಅವರಲ್ಲ, ಅವರ ಟ್ರಂಕು. ಜಯನಗರದ ಬಾಡಿಗೆ ಮನೆಯಿಂದ ಒಂದು ಗುರುವಾರ ಶುಭಮುಹೂರ್ತದಲ್ಲಿ ಹೊರಟ ಆ ಟ್ರಂಕು ಯಡಿಯೂರು ಕೆರೆಯ ಬಳಿಯ ನಮ್ಮ ಮನೆಗೆ ಬಂದು, ಪಡಸಾಲೆಯ ಮೂಲೆಯಲ್ಲಿ ಕುಳಿತು, ಮುಂದೆ ಕದಲಲಿಲ್ಲ.

ಭಾವ ಎಂದರೆ ನನ್ನ ಒಬ್ಬಳೇ ಅಕ್ಕನ ಗಂಡ. ಕಾರ್ಖಾನೆಯೊಂದರಲ್ಲಿ ಅಚ್ಚು, ಅಳತೆಯ ಉಪಕರಣಗಳನ್ನು ತಯಾರಿಸುವ ಕುಶಲಕರ್ಮಿ. ಎರಡು ಉಕ್ಕಿನ ತುಂಡುಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಉಗುರಿನಿಂದ ಸವರಿಯೇ ಹೇಳಬಲ್ಲರು ಎಂದು ಅವರ ಜೊತೆಯವರು ಹೇಳುತ್ತಿದ್ದರು. ಯಂತ್ರ ಕೂರಿಸಲು ಇಂಗ್ಲೆಂಡಿನಿಂದ ಬಂದಿದ್ದ ಎಂಜಿನಿಯರನೊಬ್ಬ ಇವರ ಕೈಚಳಕ ನೋಡಿ, ನಮ್ಮ ಊರಿಗೆ ಬಂದುಬಿಡು ಎಂದು ವಿಳಾಸ ಕೊಟ್ಟು ಹೋದ. ಅರ್ಜಿಗಳನ್ನೆಲ್ಲ ನಮ್ಮ ಕಚೇರಿಯ ಟೈಪ್‌ರೈಟರಿನಲ್ಲಿ ಕುಟ್ಟಿಕೊಟ್ಟವನು ನಾನೇ. ಆಗ ನನಗೆ ಇಪ್ಪತ್ತೈದು ವರ್ಷ, ಗುಮಾಸ್ತಗಿರಿ, ಮತ್ತು ಎಲ್ಲರನ್ನೂ ಗೇಲಿ ಮಾಡುವ ಹಕ್ಕು ನನಗಿದೆ ಎಂಬ ನಂಬಿಕೆ.

ಅಲ್ಲಿಂದ ಉತ್ತರ ಬಂತು. ಕೆಲಸ ಉಂಟು, ಗಂಡ ಹೆಂಡತಿಗೆ ಎರಡು ಕೋಣೆಯ ಮನೆ ಉಂಟು, ಗ್ಯಾಸಿನ ಒಲೆ ಉಂಟು. ಅಕ್ಕ ಆ ಕಾಗದವನ್ನು ನನ್ನಿಂದ ಮೂರು ಸಲ ಓದಿಸಿದಳು. ಮದುವೆಯಾಗಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಂಡೆಯ ಒಲೆಗೆ ಊದಿ ಊದಿ ಅವಳಿಗೆ ಉಸಿರೇ ಸಾಲುತ್ತಿರಲಿಲ್ಲ.

"ನಲ್ಲಿ ತಿರುಗಿಸಿದರೆ ಬಿಸಿನೀರೇ ಬರುತ್ತಂತೆ ಕಣೋ," ಎಂದಳು. "ಮಹಾರಾಣಿ ಹಾಗೆ ಸ್ನಾನ ಮಾಡ್ತೀನಿ."

ಪುರೋಹಿತರು ನೋಡಿಕೊಟ್ಟ ಮುಹೂರ್ತ ಆ ಗುರುವಾರ. ಅದು ತಪ್ಪಿದರೆ ಇನ್ನಾರು ತಿಂಗಳು ಪಶ್ಚಿಮಕ್ಕೆ ಪ್ರಯಾಣ ಕೂಡದು. ಆದರೆ ಮದರಾಸಿನಿಂದ ಪಾಸ್‌ಪೋರ್ಟೇ ಬಂದಿರಲಿಲ್ಲ. ಇಂಥ ಫಜೀತಿಗೆಂದೇ ನಮ್ಮ ಹಿರಿಯರು ಪ್ರಸ್ಥಾನ ಇಡುವ ಉಪಾಯ ಕಂಡುಕೊಂಡಿದ್ದಾರೆ. ಒಳ್ಳೆಯ ಗಳಿಗೆಯಲ್ಲಿ ನಿಮ್ಮ ಗಂಟುಮೂಟೆಯನ್ನು, ಹೋಗಬೇಕಾದ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟುಬಿಟ್ಟರೆ ಸರಿ, ನೀವು ಹೊರಟಂತೆಯೇ ಲೆಕ್ಕ. ಒಂದೇ ಷರತ್ತು, ಹೊರಟ ಸಾಮಾನು ಪ್ರಯಾಣ ಮುಗಿಯದೆ ಮನೆಗೆ ಹಿಂತಿರುಗಬಾರದು. ಜಯನಗರಕ್ಕೆ ಯಡಿಯೂರು ಪಶ್ಚಿಮ, ಇಂಗ್ಲೆಂಡೂ ಪಶ್ಚಿಮ. ಟ್ರಂಕು ನಮ್ಮ ಮನೆಗೆ ಬಂತು.

ಎರಡು ವಾರದ ಮೇಲೆ, ಆ ದೇಶಕ್ಕೆ ಹೋಗುವವರ ನಿಯಮದಂತೆ, ಇಬ್ಬರೂ ಎದೆಯ ಎಕ್ಸ್‌ರೇ ತೆಗೆಸಿಕೊಂಡರು. ವರದಿ ತರಲು ಭಾವ ಒಬ್ಬರೇ ಹೋಗಿದ್ದರು. ಸಂಜೆ ನಮ್ಮ ಮನೆಗೆ ಬಂದು, ಅಕ್ಕನೂ ಇದ್ದಾಗ, ಚಪ್ಪಲಿ ಬಿಡುತ್ತಲೇ ಹೇಳಿದರು.

"ನನ್ನ ಎದೇಲಿ ಏನೋ ಒಂದು ಚುಕ್ಕೆ ಇದೆಯಂತೆ. ಗಾಬರಿ ಏನಿಲ್ಲ. ಅದು ಹೋಗೋವರೆಗೆ ಕಾಯಬೇಕಂತೆ, ಅಷ್ಟೇ."

ಎದೆಯಲ್ಲಿ ಚುಕ್ಕೆ ಎಂದರೆ ಕ್ಷಯ ಎಂದು ಆ ಕಾಲದಲ್ಲಿ ಯಾರಿಗೆ ಬಿಡಿಸಿ ಹೇಳಬೇಕಿತ್ತು? ಮರುದಿನದಿಂದ ಅಮ್ಮ ಭಾವನಿಗೆ ಬೇರೆ ಲೋಟ ಮಾಡಿದಳು. ಒಂದು ಹಳೆಯ ಹಿತ್ತಾಳೆ ಲೋಟ. ತೊಳೆದು ಅಡಿಗೆಮನೆಗೆ ತರುವಂತಿಲ್ಲ, ಹಿತ್ತಲ ಕಿಟಕಿಯಲ್ಲಿ ಬೋರಲು ಹಾಕಿರಬೇಕು. ಮನೆಯ ಅಳಿಯನಿಗೆ ಕಿಟಕಿಯ ಲೋಟ! ಭಾವ ನೋಡಿದರು. ಬಂದಾಗಲೆಲ್ಲ ತಾವೇ ಹಿತ್ತಲಿಗೆ ಹೋಗಿ ಅದನ್ನು ತಂದು, "ಅತ್ತೆ, ನನ್ನ ಲೋಟಕ್ಕೆ ಕಾಫಿ," ಎಂದು ದೂರದಿಂದಲೇ ಹಿಡಿಯುತ್ತಿದ್ದರು.

ದಿನಾ ಯಾಕೆ ಬರುತ್ತಿದ್ದರು? ಕ್ಷೌರಕ್ಕೆ. ಅವರ ರೇಜರು ಟ್ರಂಕಿನಲ್ಲಿತ್ತು, ಟ್ರಂಕು ಪ್ರಯಾಣದಲ್ಲಿತ್ತು! ಬೆಳಿಗ್ಗೆ ಆರೂವರೆಗೆ ಸೈಕಲ್ಲಿನಲ್ಲಿ ಬಂದು, ಟ್ರಂಕು ತೆಗೆದು, ಗಡ್ಡ ಹೆರೆದು, ರೇಜರನ್ನು ಒರೆಸಿ ಮತ್ತೆ ಇಂಗ್ಲೆಂಡಿಗೆ ಕಳಿಸಿ ಕಾರ್ಖಾನೆಗೆ ಹೋಗುತ್ತಿದ್ದರು. ಇದ್ದ ಒಂದೇ ಒಳ್ಳೆಯ ಕೋಟೂ ಅದರಲ್ಲೇ ಇತ್ತು. ಮದುವೆ ಮುಂಜಿಗಳಿಗೆ ಮೊದಲು ನಮ್ಮಲ್ಲಿಗೆ ಬಂದು ತೊಟ್ಟುಕೊಂಡು, ಊಟ ಮುಗಿಸಿ ಬಂದು ಬಿಚ್ಚಿಟ್ಟು, ಬರಿ ಅಂಗಿಯಲ್ಲಿ ಮನೆಗೆ ಹೋಗುತ್ತಿದ್ದರು. ಹೆಂಡತಿ ಮನೆಯಿಂದ ಓಡಿಸಿದ್ದಾಳೆಂದು ನಮ್ಮ ಬೀದಿಯವರು ತೀರ್ಮಾನಿಸಿದ್ದರು. ಒಂದು ರೇಜರಿಗೆ ಎಷ್ಟಾದೀತು, ಇನ್ನೊಂದು ಕೊಳ್ಳಬಾರದೇ ಎಂದು ನಾನು ಕೇಳಿದೆ.

"ಇನ್ನೊಂದು ತಗೊಂಡ್ರೆ ಹೋಗೋದಿಲ್ಲ ಅಂತ ಅರ್ಥ ಆಗುತ್ತಲ್ಲೋ," ಎಂದರು. "ನಿಮ್ಮಕ್ಕ ಬೇಜಾರು ಮಾಡ್ಕೋತಾಳೆ."

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಭಾವ ಜಯನಗರದಲ್ಲೇ ಇಂಗ್ಲೆಂಡನ್ನು ಅಭ್ಯಾಸ ಮಾಡತೊಡಗಿದರು. ಅಲ್ಲಿ ಗಂಡಸರೇ ಮನೆಗೆಲಸ ಮಾಡುತ್ತಾರಂತೆ. ಸರಿ, ನೀರು ಸೇದುವುದು, ಸೌದೆ ಸೀಳುವುದು, ರುಬ್ಬುವುದು ಎಲ್ಲ ಇವರದಾಯಿತು. ಅವರ ಮನೆಯ ಮಾಲೀಕರು ಆ ಕಡೆಯ ಹಳ್ಳಿಯ ಹಳೇ ರೈತರು. ಬಡಾವಣೆಯಾಗುವ ಮುಂಚೆ ಅಲ್ಲೆಲ್ಲ ಅವರದೇ ರಾಗಿ ಹೊಲ. ಒಂದು ದಿನ ಹಿತ್ತಲಿಗೆ ಬಂದವರು, ಒರಳುಕಲ್ಲಿನ ಮುಂದೆ ಕುಳಿತಿದ್ದ ಬಾಡಿಗೆದಾರನನ್ನು ಕಂಡು ಅಲ್ಲೇ ನಿಂತರು.

"ಏನ್ ಸಾಮಿ, ಅಮ್ಮಾವ್ರು ಊರಲ್ಲಿಲ್ವಾ?"

"ಇದಾಳೆ, ಒಳಗೆ. ಇಂಗ್ಲೆಂಡಲ್ಲಿ ಗಂಡಸರೇ ರುಬ್ಬೋದು ಗೌಡ್ರೇ."

"ಅಲ್ಲೂ ಇಡ್ಲಿ ಮಾಡ್ತಾರಾ?"

"ಇನ್ನೂ ಇಲ್ಲ. ನಾನು ಹೋದ ಮೇಲೆ."

ಗೌಡರು ಈ ಮಾತನ್ನು ಬೀದಿಗೆಲ್ಲ ಹಂಚಿದರು. ನಾನು ನನ್ನ ಕಚೇರಿಗೆ ಹಂಚಿದೆ.

ಆಮೇಲೆ ಉಪ್ಪಿನ ಸರದಿ. ಅಮ್ಮನೂ ನಾನೂ ಒಂದು ಭಾನುವಾರ ಅಲ್ಲಿ ಊಟಕ್ಕೆ ಕುಳಿತೆವು. ಸಾರು ಬಾಯಿಗಿಟ್ಟರೆ ಬಿಸಿನೀರು. ಪಲ್ಯ ಬಾಯಿಗಿಟ್ಟರೆ ಹುಲ್ಲು.

"ಉಪ್ಪೇ ಇಲ್ಲವಲ್ಲೇ," ಎಂದಳು ಅಮ್ಮ ಅಕ್ಕನಿಗೆ.

"ಅಲ್ಲಿಯವರು ಅಡುಗೆಗೆ ಉಪ್ಪು ಹಾಕೋಲ್ಲ ಅತ್ತೆ," ಎಂದರು ಭಾವ. "ಊಟದ ಮೇಜಿನ ಮೇಲೆ ಇಟ್ಟಿರ್ತಾರೆ. ಬೇಕಾದವರು ಹಾಕ್ಕೋತಾರೆ."

"ಹಾಗಾದರೆ ಇಲ್ಲಿ ಕೊಡಿ, ಹಾಕ್ಕೋತೀನಿ."

"ನಮ್ಮನೇಲಿ ಮೇಜಿಲ್ಲವಲ್ಲ."

ಅಕ್ಕ ನಕ್ಕು ನಕ್ಕು ಏದುಸಿರು ಬಿಟ್ಟಳು. ಭಾವ ತಟ್ಟನೆ ಎದ್ದು ಅವಳ ಬೆನ್ನಿಗೊಂದು ದಿಂಬು ತಂದು ಇಟ್ಟರು. ದಿಂಬಿನದೂ ಒಂದು ಕಥೆ. ಇಂಗ್ಲೆಂಡಿನಲ್ಲಿ ಯಾರೂ ಚಪ್ಪಟೆಯಾಗಿ ಮಲಗುವುದಿಲ್ಲವಂತೆ, ಮೂರು ದಿಂಬು ಒಟ್ಟಿಕೊಂಡು ಒರಗಿಯೇ ನಿದ್ದೆ ಮಾಡುತ್ತಾರಂತೆ. ಅಕ್ಕನಿಗೂ ಹಾಗೇ ಅಭ್ಯಾಸ ಮಾಡಿಸಿದ್ದರು. ರಾತ್ರಿ ಊಟವಾದ ಮೇಲೆ ಅವಳಿಗೆ ಒಂದು ಪುಟ್ಟ ಮಾತ್ರೆ, ಅದು ಚಳಿದೇಶಕ್ಕೆ ಮೈ ಹದ ಮಾಡುವ ಮಾತ್ರೆ. ಸಂಜೆಯಾದರೆ ಹೆಂಡತಿಯ ತೋಳು ಹಿಡಿದು ವಾಕಿಂಗು. ಆಗಿನ ಜಯನಗರದಲ್ಲಿ ರಸ್ತೆಗಳಿದ್ದವು, ಮನೆಗಳು ಇನ್ನೂ ಎದ್ದಿರಲಿಲ್ಲ. ಆ ಖಾಲಿ ಸೈಟುಗಳ ನಡುವೆ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು, ಆಕಾಶ ನೋಡಿ, ಮೋಡದ ಬಗ್ಗೆ ಭಾಷಣ.

"ಹೀಗೆ ನಿಂತು ನಿಂತು ನಡೆದರೆ ಲಂಡನ್ನಿನಲ್ಲಿ ಬಸ್ಸು ಸಿಗುತ್ತಾ ಭಾವ?" ಎಂದೆ ನಾನು.

"ಅಲ್ಲಿ ಎಲ್ಲರೂ ನಿಲ್ತಾರೆ ಕಣೋ. ಹವಾಮಾನದ ವಿಷಯ ಮಾತಾಡದೆ ಯಾರೂ ಮುಂದೆ ಹೋಗೋಲ್ಲ."

ಪ್ರತಿಯೊಂದಕ್ಕೂ ಉತ್ತರ ಸಿದ್ಧವಿರುತ್ತಿತ್ತು. ಒಂದೇ ಒಂದು ಸಲ ಮಾತ್ರ ಇಂಗ್ಲೆಂಡು ಅವರ ನೆರವಿಗೆ ಬರಲಿಲ್ಲ. ನಾಲ್ಕನೆಯ ವರ್ಷದ ಯುಗಾದಿಯಂದು ಅಕ್ಕ ನಮ್ಮ ಮನೆಗೆ ಬಂದಿದ್ದಳು. ಮಾವಿನಕಾಯಿ ಉಪ್ಪಿನಕಾಯಿಯ ಒಂದು ಹೋಳನ್ನು ಎಲೆಗೆ ಬಡಿಸಿಕೊಂಡದ್ದೇ ತಡ, ಭಾವ ಕೈ ಚಾಚಿ ಅದನ್ನು ತೆಗೆದು ತಮ್ಮ ಎಲೆಗೆ ಹಾಕಿಕೊಂಡರು. ಹಬ್ಬದ ದಿನ, ನೆಂಟರ ಮುಂದೆ! ಅಕ್ಕ ತಲೆ ತಗ್ಗಿಸಿದಳು. ನನಗೆ ರೇಗಿತು.

"ಉಪ್ಪಿಲ್ಲದೆ ನನ್ನ ಅಕ್ಕನ್ನ ಸಾಯಿಸ್ತೀರೇನು ಭಾವ?"

ಪಂಕ್ತಿಯಲ್ಲಿ ಕೆಲವರು ನಕ್ಕರು. ಭಾವ ನನ್ನನ್ನು ನೋಡಿದರು.

"ಇಲ್ಲ ಕಣೋ," ಎಂದರು. ಆ ಹೋಳನ್ನು ಎಲೆಯ ಅಂಚಿಗೆ ಸರಿಸಿ ಮತ್ತೆ, "ಇಲ್ಲ."

ನಾನು ಗೆದ್ದೆನೆಂದುಕೊಂಡೆ.

ಆ ಆಷಾಢದಲ್ಲಿ ಒಂದು ಮಧ್ಯಾಹ್ನ ಗೌಡರು ಆಳಿನ ಕೈಲಿ ನನ್ನ ಕಚೇರಿಗೆ ಹೇಳಿಕಳಿಸಿದರು, ಅಕ್ಕನಿಗೆ ಉಸಿರು ಸಿಕ್ಕುತ್ತಿಲ್ಲ, ಆಸ್ಪತ್ರೆಗೆ ಒಯ್ದಿದ್ದಾರೆ. ನಾನು ಓಡಿದೆ. ಅಕ್ಕನ ಹಾಸಿಗೆಯಿಂದ ದೂರ, ವಾರ್ಡಿನ ಕಿಟಕಿಯ ಬಳಿ ಭಾವ ನಿಂತಿದ್ದರು, ಡಾಕ್ಟರು ಅವರ ಜೊತೆ ಮಾತಾಡುತ್ತಿದ್ದರು. ನನ್ನನ್ನು ಯಾರೂ ಗಮನಿಸಲಿಲ್ಲ.

"ಉಪ್ಪು ಬಿಡಿಸಿದ್ರಾ?"

"ನಾಲ್ಕು ವರ್ಷ ಆಯ್ತು ಸಾರ್."

"ಭಾರ ಎತ್ತೋದು, ನೀರು ಸೇದೋದು?"

"ಏನೂ ಮಾಡೋಕೆ ಬಿಟ್ಟಿಲ್ಲ ಸಾರ್. ಮಾತ್ರೆ ಒಂದು ದಿನಾನೂ ತಪ್ಪಿಸಿಲ್ಲ. ಒರಗಿಕೊಂಡೇ ಮಲಗ್ತಾಳೆ."

ಡಾಕ್ಟರು ಒಂದು ಹಳೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಅದರ ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ನನ್ನ ಅಕ್ಕನ ಹೆಸರಿತ್ತು.

"ಈ ಹೃದಯ ನೋಡಿ ಅವತ್ತು ನಾನು ನಿಮಗೆ ಎರಡು ವರ್ಷ ಅಂದಿದ್ದೆ," ಎಂದರು ಡಾಕ್ಟರು. "ನೀವು ನಾಲ್ಕು ವರ್ಷ ಮಾಡಿದೀರಿ. ಇನ್ನು ನನ್ನ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ."

ಅವರು ಹೋದ ಮೇಲೆ ನಾನು ಭಾವನನ್ನು ಕಾರಿಡಾರಿಗೆ ಎಳೆದುಕೊಂಡು ಹೋದೆ. ನನ್ನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ.

"ನಿಮ್ಮ ಚುಕ್ಕೆ?"

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ." ಗೋಡೆಗೆ ಒರಗಿದರು. "ಗೊತ್ತಾದರೆ ಹೆದರಿಕೇಲೇ ಹೋಗಿಬಿಡ್ತಾಳೆ ಅಂದಿದ್ರು ಡಾಕ್ಟರು. ಹೇಳದೇ ಪಥ್ಯ ಮಾಡಿಸಬೇಕಲ್ಲ. ಏನಂತ ಮಾಡಿಸೋದು? ಹೇಗೂ ಇಂಗ್ಲೆಂಡ್ ಇತ್ತು."

"ನೀವೊಬ್ಬರೇ ಹೋಗಬಹುದಿತ್ತು."

"ನೀರು ಯಾರು ಸೇದೋರು?" ಎಂದರು, ನಾನೇನೋ ತಿಳಿಗೇಡಿ ಮಾತಾಡಿದೆನೆಂಬಂತೆ.

ನಾಲ್ಕು ವರ್ಷ ನಾನು ಊರಿಗೆಲ್ಲ ನಗೆಯಾಗಿ ಹಂಚಿದ್ದು ಅವರು ಮನೆಯಲ್ಲೇ ನಡೆಸುತ್ತಿದ್ದ ಒಂದು ಆಸ್ಪತ್ರೆಯನ್ನು. ಒರಳುಕಲ್ಲು, ಸಪ್ಪೆ ಸಾರು, ಮೂರು ದಿಂಬು, ಇಪ್ಪತ್ತು ಹೆಜ್ಜೆಗೊಂದು ಮೋಡ, ಎಲ್ಲ ಒಂದೊಂದಾಗಿ ನೆನಪಾದವು. ಕೊನೆಗೆ ಯುಗಾದಿಯ ದಿನ ನಾನು ಆಡಿದ ಮಾತು ನೆನಪಾಯಿತು. ಅದನ್ನು ಇವತ್ತಿಗೂ ನುಂಗಿಕೊಳ್ಳಲು ನನ್ನಿಂದ ಆಗಿಲ್ಲ.

ಅಂದು ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಎದ್ದು ಹಿತ್ತಲಿಗೆ ಹೋದಳು. ಕಿಟಕಿಯಲ್ಲಿ ಬೋರಲು ಬಿದ್ದಿದ್ದ ಹಿತ್ತಾಳೆ ಲೋಟವನ್ನು ತೆಗೆದುಕೊಂಡು, ಬಾವಿಗೆ ಎಸೆದು, ಒಳಗೆ ಬಂದು ದೇವರ ಮುಂದೆ ಕುಳಿತಳು.

ಅಕ್ಕ ಐದು ದಿನ ಇದ್ದಳು. ಕೊನೆಯ ಬೆಳಿಗ್ಗೆ ನಾವಿಬ್ಬರೂ ಹತ್ತಿರವಿದ್ದೆವು. ಭಾವನ ಕಡೆ ತಿರುಗಿ ಕೇಳಿದಳು.

"ಅಲ್ಲಿ ಈಗ ಚಳೀನಾ?"

"ಇಲ್ಲ, ಈಗ ಅಲ್ಲಿ ಬೇಸಿಗೆ. ನಾವು ಹೋಗೋ ಹೊತ್ತಿಗೆ ಚಳಿ ಶುರುವಾಗುತ್ತೆ."

"ನನ್ನ ಉಣ್ಣೆ ಕಾಲುಚೀಲ?"

"ಟ್ರಂಕಲ್ಲಿದೆ. ಮೇಲೇ ಇಟ್ಟಿದೀನಿ, ಹುಡುಕೋ ಹಾಗಿಲ್ಲ."

ಸರಿ ಎನ್ನುವಂತೆ ಕಣ್ಣು ಮುಚ್ಚಿದಳು. ಹತ್ತು ಗಂಟೆಯ ಹೊತ್ತಿಗೆ ಹೋದಳು. ಯಾರೂ ಮುಹೂರ್ತ ನೋಡಿರಲಿಲ್ಲ, ಏನನ್ನೂ ಒಯ್ಯಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮರುದಿನ ಬೆಳಿಗ್ಗೆ ಆರೂವರೆಗೆ ಬಾಗಿಲಲ್ಲಿ ಸೈಕಲ್ಲಿನ ಸದ್ದಾಯಿತು. ಇನ್ನು ಅವರು ಬರುವುದಿಲ್ಲ, ಟ್ರಂಕನ್ನು ನಾನೇ ಮುಟ್ಟಿಸಬೇಕು ಎಂದು ಹಿಂದಿನ ರಾತ್ರಿಯಷ್ಟೇ ಅಂದುಕೊಂಡಿದ್ದೆ. ಭಾವ ಬಂದರು. ಟ್ರಂಕಿನ ಮುಚ್ಚಳ ತೆಗೆದರು. ಮೇಲಿದ್ದ ಕಾಲುಚೀಲವನ್ನು ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು, ರೇಜರು ತೆಗೆದುಕೊಂಡು, ಮತ್ತೆ ಕಾಲುಚೀಲವನ್ನು ಅದರ ಜಾಗದಲ್ಲೇ ಇಟ್ಟರು.

"ಇನ್ನು ಟ್ರಂಕನ್ನ ಮನೆಗೆ ತಗೊಂಡು ಹೋಗಬಹುದು," ಎಂದಳು ಅಮ್ಮ, ಅವರ ಮುಖ ನೋಡದೆ. "ದೋಷ ಏನಿಲ್ಲ."

"ಇಲ್ಲೇ ಇರಲಿ ಅತ್ತೆ. ಹೊರಟಿದೀವಿ ಅಂತ ಅವಳಿಗೆ ಹೇಳಿದೀನಿ."

ಅಮ್ಮ ಒಳಗೆ ಹೋದಳು. ಚೊಂಬಿನಲ್ಲಿ ಬಿಸಿನೀರು ತಂದಿಟ್ಟಳು. ಗಡ್ಡ ಹೆರೆದುಕೊಂಡು ಭಾವ ಎಂದಿನಂತೆ ಹಿತ್ತಲಿಗೆ ಹೋದರು, ಕಿಟಕಿಯಲ್ಲಿ ತಡಕಾಡಿ ಬರಿಗೈಯಲ್ಲಿ ಬಂದು ಅಡಿಗೆಮನೆಯ ಹೊಸ್ತಿಲಾಚೆ ನಿಂತರು.

"ನನ್ನ ಲೋಟ ಎಲ್ಲಿ ಅತ್ತೆ?"

"ಒಡೆದುಹೋಯ್ತು."

"ಹಿತ್ತಾಳೆ ಲೋಟ ಒಡೆಯುತ್ತಾ?" ಭಾವನ ಮುಖದಲ್ಲಿ ಒಂದು ಕ್ಷಣ ಹಳೆಯ ತುಂಟತನ ಬಂದು ಹೋಯಿತು.

ಅಮ್ಮ ಮಡಿಯುಟ್ಟವಳು. ನಮ್ಮ ಮನೆಯಲ್ಲಿ ಲೋಟಕ್ಕೆ ತುಟಿ ತಾಗಿಸಿ ಕುಡಿದವರನ್ನು ಅವಳು ಎಂದೂ ಬಯ್ಯದೆ ಬಿಟ್ಟವಳಲ್ಲ. ದೇವರ ಮನೆಯಿಂದ, ತೀರಿಹೋದ ನಮ್ಮ ತಂದೆಯ ಬೆಳ್ಳಿ ಲೋಟವನ್ನು ತಂದು, ಅದರ ತುಂಬ ಕಾಫಿ ಬಗ್ಗಿಸಿ, ಹೊಸ್ತಿಲು ದಾಟಿ ಹೋಗಿ ಅಳಿಯನ ಕೈಗೇ ಕೊಟ್ಟಳು.

"ಬಿಸಿ ಇದೆ," ಎಂದಳು. "ಕಚ್ಚಿಕೊಂಡೇ ಕುಡೀರಿ."