ಖಾಲಿ ಕುರ್ಚಿಯ ತಾರೀಖು

"ನಾಳೆ ಭೂಮಿ ಬಿರಿದರೂ ಸರಿ, ನಮ್ಮ ಪಾಪೂದು ಒಂದು ಫೋಟೋದ ಕೂದಲೂ ಕೊಂಕಬಾರದು!"

ಹೀಗೆ ಘೋಷಿಸುವಾಗ ನಂಜುಂಡಸ್ವಾಮಿಯ ಒಂದು ಕೈಯಲ್ಲಿ ಸ್ಕ್ರೂಡ್ರೈವರು, ಇನ್ನೊಂದರಲ್ಲಿ ಉಪ್ಪಿಟ್ಟಿನ ತಟ್ಟೆ ಇತ್ತು. ಎರಡು ಸಾವಿರದ ಇಸವಿಯ ಮಾರ್ಚ್ ಹನ್ನೊಂದು, ಶನಿವಾರ. ಅಮೆರಿಕದ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಮಹತ್ಕಾರ್ಯವೊಂದು ಶುರುವಾಗಿತ್ತು.

"ಸಿಡಿಗೆ ಹಾಕಿಡಿ ಅಂತ ಆರು ತಿಂಗಳಿಂದ ಹೇಳ್ತಿದೀನಿ," ಎಂದಳು ಹೆಂಡತಿ ತೇಜಸ್ವಿನಿ.

"ಸಿಡಿ ಮೇಲೆ ಗೀರು ಬಿದ್ರೆ ಮುಗೀತು. ಹಾರ್ಡ್ ಡಿಸ್ಕು ವಜ್ರ ಕಣೇ, ವಜ್ರ!"

ಆ ವಜ್ರ ಸಿಕ್ಕಿದ್ದು ಕಾರು ನಿಲ್ಲಿಸುವ ಜಾಗದ ಪಕ್ಕದ ಸಾಮಾನಿನ ಗೂಡಿನಲ್ಲಿ. ಎರಡು ವರ್ಷದ ಹಿಂದೆ ಮನೆ ಬಿಟ್ಟ ಬಾಡಿಗೆದಾರರು ಅಲ್ಲೊಂದು ಕಂಪ್ಯೂಟರನ್ನೂ ಒಂದು ಬೆತ್ತದ ಕುರ್ಚಿಯನ್ನೂ ಬಿಟ್ಟುಹೋಗಿದ್ದರು. ಬೇಕಾದರೆ ತಗೊಳ್ಳಿ ಎಂದಿದ್ದ ಅಪಾರ್ಟ್‌ಮೆಂಟಿನ ಮ್ಯಾನೇಜರು. ಕುರ್ಚಿ ಹಾಲ್‌ನ ಕಿಟಕಿ ಪಕ್ಕ ಸೇರಿತು. ಮಂಡ್ಯದಿಂದ ಹದಿನೈದು ದಿನದ ಹಿಂದೆ ಬಂದಿಳಿದ ನಂಜುಂಡಸ್ವಾಮಿಯ ಅತ್ತೆ ಮರಿತಾಯಮ್ಮ, ಚಳಿಗೆ ಬಿಳಿ ಶಾಲು ಹೊದ್ದು, ಆ ಕುರ್ಚಿಯನ್ನೇ ಸಿಂಹಾಸನ ಮಾಡಿಕೊಂಡಿದ್ದರು.

ಕಂಪ್ಯೂಟರಿನ ಡಿಸ್ಕನ್ನು ನಂಜುಂಡಸ್ವಾಮಿ ಕಿತ್ತು ತನ್ನದಕ್ಕೆ ಜೋಡಿಸಿದ. ಒಂದು ವರ್ಷದ ಫೋಟೋಗಳು, ಪಾಪುವಿನ ಮೊದಲ ಹಲ್ಲು, ಮೊದಲ ಹೆಜ್ಜೆ, ಎಲ್ಲವನ್ನೂ ಅದಕ್ಕೆ ಸಾಗಿಸಿದ. ಆಮೇಲೆ ಮೂಲವನ್ನು ಅಳಿಸಿಬಿಟ್ಟ! ಒಂದೇ ಮಗುವಿಗೆ ಎರಡು ತೊಟ್ಟಿಲು ಯಾಕೆ?

ಭಾನುವಾರ ಬೆಳಿಗ್ಗೆ ಕಂಪ್ಯೂಟರು ಬಹಳ ವಿನಯದಿಂದ ಕೇಳಿತು: ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ? ಇವನು ಅಷ್ಟೇ ಉದಾರವಾಗಿ ಎಸ್ ಒತ್ತಿದ. ಡಿಸ್ಕು ಪೂರಾ ಖಾಲಿ!

ತೇಜಸ್ವಿನಿ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಾಗಿತ್ತು. ಪಾಪುವನ್ನು ಎದೆಗವಚಿಕೊಂಡು ಮೆಲ್ಲಗೆ ಅಂದಳು, "ಮೊದಲನೇ ಹೆಜ್ಜೆ ಇನ್ನೊಂದು ಸಲ ಇಡಲ್ಲ ರೀ ಅವಳು."

ಅಳಿಸಿಹೋದದ್ದನ್ನು ಹುಡುಕಿಕೊಡುವ ತಂತ್ರಾಂಶವೊಂದನ್ನು ನಂಜುಂಡಸ್ವಾಮಿ ಇಂಟರ್ನೆಟ್ಟಿನಿಂದ ಇಳಿಸಿಕೊಂಡ. ಮಧ್ಯಾಹ್ನ ಮೂರಕ್ಕೆ ಒಂದೊಂದೇ ಚಿತ್ರ ತೆರೆಯ ಮೇಲೆ ಏಳತೊಡಗಿತು. ಪಾಪು ಬಂದಳು, ಆದರೆ ಹಣೆಯಷ್ಟೇ! ಕೆಳಗೆಲ್ಲ ಬೂದು ಬಣ್ಣ. ಇನ್ನೊಂದರಲ್ಲಿ ಕೈಗಳು ಮಾತ್ರ ಕೇಕು ಕತ್ತರಿಸುತ್ತಿದ್ದವು. ಆಮೇಲೆ, ಇವನು ತೆಗೆಯದ ಫೋಟೋ ಒಂದು ಎದ್ದಿತು.

ಇದೇ ಹಾಲ್. ಇದೇ ಕಿಟಕಿ. ಇದೇ ಬೆತ್ತದ ಕುರ್ಚಿ. ಅದರಲ್ಲಿ ಬಿಳಿ ಶಾಲು ಹೊದ್ದ ಒಬ್ಬ ಮುದುಕಿ. ಮುಖ ಇರಬೇಕಾದಲ್ಲಿ ಬೂದು ಚೌಕ.

ಬೆನ್ನ ಹಿಂದೆ ನಿಂತಿದ್ದ ಮರಿತಾಯಮ್ಮ ಬಗ್ಗಿ ನೋಡಿದರು. "ಅಯ್, ನನ್ನ ಯಾವಾಗ ಫೋಟೋ ಹಿಡುದ್ರಿ ಅಳಿಯಂದ್ರೇ?"

ಅತ್ತೆ ಬಂದಮೇಲೆ ನಂಜುಂಡಸ್ವಾಮಿ ಅವರ ಒಂದು ಫೋಟೋವನ್ನೂ ತೆಗೆದಿರಲಿಲ್ಲ.

ಅವರು ಅಡುಗೆಮನೆಗೆ ಹೋದಮೇಲೆ ಅವನು ಚಿತ್ರದ ಮೂಲೆಯಲ್ಲಿ ಕ್ಯಾಮೆರಾ ಒತ್ತಿದ್ದ ಕಿತ್ತಳೆ ಬಣ್ಣದ ತಾರೀಖು ನೋಡಿದ. ಮಾರ್ಚ್ ಹತ್ತು, ಎರಡು ಸಾವಿರ. ಮೊನ್ನೆ! ಮುಂದಿನದು ಹನ್ನೊಂದು, ಮುದುಕಿ ಸ್ವಲ್ಪ ವಾಲಿದ್ದಳು. ಅದರ ಮುಂದಿನದು ಹನ್ನೆರಡು, ಅಂದರೆ ಇವತ್ತು, ಶಾಲು ಜಾರಿತ್ತು. ನಾಲ್ಕನೆಯದರಲ್ಲಿ ಕುರ್ಚಿ ಖಾಲಿ. ಗೋಡೆ, ನೆಲ, ಎಲ್ಲ ಬೋಳು. ತಾರೀಖು ಹದಿಮೂರು.

ನಾಳೆ.

"ತೇಜೂ, ನಿಮ್ಮಮ್ಮನಿಗೆ ಬೀಪಿ ಇದೆಯಾ?"

"ಫೋಟೋ ಎಷ್ಟು ಸಿಕ್ತು ಅದನ್ನ ಹೇಳಿ."

ಅವನು ಮುಂದಿನ ಚಿತ್ರಗಳನ್ನು ನೋಡದೆ ತೆರೆ ಆರಿಸಿದ.

ಸೋಮವಾರ ಅವನು ಆಫೀಸಿಗೆ ಹೋಗಲಿಲ್ಲ. ಬೆಳಿಗ್ಗೆಯೇ ಅಪಾರ್ಟ್‌ಮೆಂಟಿನ ಮ್ಯಾನೇಜರಿಗೆ ಫೋನು ಮಾಡಿ, "ಈ ಮನೆಯಲ್ಲಿ ಯಾರಾದರೂ ಸತ್ತಿದ್ದಾರಾ?" ಎಂದು ಕೇಳಿದ. ಡಿಸ್ಕಿನ ಕತೆಯನ್ನೂ ಹೇಳಿದ. ಹಿಂದಿನ ಬಾಡಿಗೆದಾರರನ್ನು ವಿಚಾರಿಸುತ್ತೇನೆಂದು ಮ್ಯಾನೇಜರು ಫೋನಿಟ್ಟ. ಆಮೇಲೆ ನಂಜುಂಡಸ್ವಾಮಿ ಕುರ್ಚಿಯನ್ನು ಬಾಲ್ಕನಿಗೆ ಹೊತ್ತು ಹಾಕಿ ಬಾಗಿಲು ಜಡಿದ.

"ನನ್ ಕುರ್ಚಿ ಎಲ್ಲೋಯ್ತು?"

"ಸೋಫಾ ಮೇಲೆ ಕೂತ್ಕೊಳ್ಳಿ ಅತ್ತೆ. ಎದೆ ನೋಯ್ತಿದೆಯಾ? ಉಸಿರು ಸರಿಯಾಗಿ ಆಡ್ತಿದೆಯಾ? ಎಳನೀರು ತರ್ಲಾ?"

ಗಂಟೆಗೆ ನಾಲ್ಕು ಸಲ ನಾಡಿ ಹಿಡಿದ. ಅತ್ತೆ ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಮೂಗಿನ ಹತ್ತಿರ ಬೆರಳಿಟ್ಟ. ಅವರು ಬೆಚ್ಚಿ ಎದ್ದು ಮಗಳನ್ನು ಕರೆದರು. "ಏನ್ ಮಗ ಇದು? ನನ್ನ ಊರಿಗೆ ಸಾಗಾಕಕ್ಕೆ ಟಿಕೇಟ್ ಗೀಕೇಟ್ ಮಾಡ್ಸವ್ರಾ?"

ತೇಜಸ್ವಿನಿ ಗಂಡನನ್ನು ದುರುಗುಟ್ಟಿ ನೋಡಿದಳು. "ಫೋಟೋ ಸೇವ್ ಮಾಡಕ್ಕೆ ಬರ್ಲಿಲ್ಲ, ಈಗ ಅತ್ತೆ ಸೇವೆನಾ?"

ನಾಲ್ಕು ಗಂಟೆಗೆ ಬಿಸಿಲು ಇಳಿಯಿತು. ಬಾಲ್ಕನಿಯಲ್ಲಿ ಗಾಳಿಗೆ ಕುರ್ಚಿ ಕಿರ್ ಎಂದಿತು. ಪಾಪು ಕಿಟಕಿಯ ಪಕ್ಕದ ಖಾಲಿ ಜಾಗವನ್ನೇ ನೋಡಿ ಕೈ ಬೀಸಿ ನಕ್ಕಳು. ನಂಜುಂಡಸ್ವಾಮಿ ಅವಳನ್ನೆತ್ತಿ ಗೋಡೆ ಕಡೆ ತಿರುಗಿಸಿ ಕೂರಿಸಿದ.

ಬಾಗಿಲ ಬೆಲ್ಲು ಹೊಡೆದುಕೊಂಡಿತು.

ಬಾಗಿಲು ತೆಗೆದರೆ, ಬಿಳಿ ಶಾಲು ಹೊದ್ದ ಮುದುಕಿ!

ಆಕೆ ಇವನನ್ನು ಕೇಳಲಿಲ್ಲ, ನೋಡಲಿಲ್ಲ. ಪಕ್ಕದಿಂದ ಸರಿದು, ತನ್ನ ಮನೆಗೇ ಬಂದವಳ ಹಾಗೆ ಕಿಟಕಿಯ ಹತ್ತಿರ ಹೋದಳು. ಕುರ್ಚಿ ಇಲ್ಲದ್ದು ಕಂಡು ಸುತ್ತ ನೋಡಿದಳು. ಬಾಲ್ಕನಿಯ ಚಿಲಕ ತೆಗೆದಳು. ಕುರ್ಚಿಯನ್ನು ದರದರ ಎಳೆದು ತಂದು ಅದೇ ಜಾಗದಲ್ಲಿಟ್ಟು ಕೂತಳು.

"ಅಮ್ಮಾ!" ಎಂದು ಕಿರುಚಿ ನಂಜುಂಡಸ್ವಾಮಿ ಹಾರಿ ತಬ್ಬಿಕೊಂಡಿದ್ದು ಸೋಫಾದ ಮೇಲಿದ್ದ ಅತ್ತೆಯನ್ನು!

"ಕ್ಷಮಿಸಿ, ಅಮ್ಮನ ಕಾಲು ನನಗಿಂತ ಚುರುಕು," ಎಂದು ಇಂಗ್ಲಿಷಿನಲ್ಲಿ ಹೇಳುತ್ತ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದನೊಬ್ಬ. ಹೆಸರು ರಮೋನ್, ಹಿಂದಿನ ಬಾಡಿಗೆದಾರ. ಅಗ್ಗದ ಮನೆ ಸಿಕ್ಕಿತೆಂದು ದೂರದ ಗಿಲ್‌ರಾಯ್‌ಗೆ ಹೋಗಿದ್ದ. ಕಂಪ್ಯೂಟರು ಬಿಟ್ಟುಹೋಗುವಾಗ ಅದರಲ್ಲಿದ್ದುದನ್ನೆಲ್ಲ ಅಳಿಸಿ, ಫೋಟೋಗಳಿಗೆ ಬೇರೆ ಪ್ರತಿಯೇ ಇಲ್ಲವೆಂದು ಆಮೇಲೆ ಪೇಚಾಡಿದ್ದ. ಮ್ಯಾನೇಜರು ಫೋನು ಮಾಡಿದ ಕೂಡಲೇ ಅಮ್ಮನ ಸಮೇತ ಹೊರಟಿದ್ದ.

"ಮತ್ತೆ ಆ ತಾರೀಖು?" ಎಂದ ನಂಜುಂಡಸ್ವಾಮಿ, ಅತ್ತೆಯ ತೋಳು ಬಿಡದೆ.

ರಮೋನ್ ನಾಚಿದ. ಎರಡು ಸಾವಿರದ ಇಸವಿ ಬಂದಾಗ ಕಂಪ್ಯೂಟರುಗಳು ಕೆಡದಂತೆ ನೋಡುವುದೇ ಆಗ ಅವನ ಕೆಲಸ. ಕ್ಯಾಮೆರಾ ಕೆಡುತ್ತದೋ ನೋಡೋಣವೆಂದು ತೊಂಬತ್ತೆಂಟರಲ್ಲೇ ಅದರ ವರ್ಷವನ್ನು ಎರಡು ಸಾವಿರಕ್ಕೆ ತಿರುಗಿಸಿ, ವಾಪಸು ತಿರುಗಿಸುವುದನ್ನು ಮರೆತಿದ್ದ. ಖಾಲಿ ಕುರ್ಚಿಯ ಫೋಟೋ, ಮನೆ ಬಿಟ್ಟ ದಿನ ಕಾರ್ಪೆಟ್ಟಿಗೆ ಕಲೆಯಿಲ್ಲವೆಂದು ಮ್ಯಾನೇಜರಿಗೆ ತೋರಿಸಲು ತೆಗೆದದ್ದು!

ತೆರೆಯ ಮೇಲೆ ಅವರ ಫೋಟೋಗಳು ಸಾಲಾಗಿ ಬಂದವು. ಮೊದಲ ನಾಲ್ಕು ಮಾತ್ರ ಕೆಟ್ಟಿದ್ದವು, ಉಳಿದ ಇನ್ನೂರೂ ಚೊಕ್ಕ. ಒಂದರಲ್ಲಿ ರಮೋನನ ತೀರಿಹೋದ ಅಪ್ಪ ಆ ಕುರ್ಚಿಯ ಕೈ ಹಿಡಿದು ನಗುತ್ತಿದ್ದ. ಮುದುಕಿ ತೆರೆಯನ್ನು ಬೆರಳಿಂದ ಸವರಿದಳು. ಮಾತು ತಿಳಿಯದಿದ್ದರೂ ಮರಿತಾಯಮ್ಮ ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟರು.

ಕಣ್ಣೊರೆಸಿಕೊಂಡ ರಮೋನ್ ನಂಜುಂಡಸ್ವಾಮಿಯ ಕೈ ಕುಲುಕಿದ. "ದೇವರು ನೀವು! ನಿಮ್ಮ ಮಗುವಿನ ಫೋಟೋಗಳೂ ಎಲ್ಲ ಸಿಕ್ಕವಲ್ಲ?"

ನಂಜುಂಡಸ್ವಾಮಿ ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ತೇಜಸ್ವಿನಿ ಅಚ್ಚ ಇಂಗ್ಲಿಷಿನಲ್ಲಿ, ನಗುನಗುತ್ತ ಉತ್ತರಿಸಿದಳು: "ಚಿಂತೆ ಮಾಡಬೇಡಿ. ಇವರು ಬಹಳ ಭದ್ರವಾಗಿ ಇಟ್ಟಿದ್ದಾರೆ. ನಾವು ಹೋದಮೇಲೆ ಈ ಮನೆಗೆ ಬಾಡಿಗೆಗೆ ಬರುತ್ತಾರಲ್ಲ, ಅವರಿಗೆ ಸಿಗುತ್ತವೆ!"