ಎಲ್ಲರಿಗೂ ಒಂದನೇ ನಂಬರು ಕೊಟ್ಟ ಬಿಲ್ಡ್ ಟೂಲ್ ಅವರಿಗೆ

ಮಾನ್ಯರೇ,

ಹೋಳೂರಿನ ನನ್ನ ಹಿಟ್ಟಿನ ಮಿಷನ್ನಿನಲ್ಲಿ, ತಕ್ಕಡಿಯ ಪಕ್ಕದ ಹಳೇ ಕಂಪ್ಯೂಟರಿನೊಳಗೆ ಮೂರು ವಾರದಿಂದ ಬಿಡಾರ ಹೂಡಿರುವ ತಮಗೆ, ಅದೇ ಮಿಷನ್ನಿನ ಮಾಲೀಕ ವೇಣುಗೋಪಾಲನು ಕೈಗಂಟಿದ ಹಿಟ್ಟು ಒರೆಸಿಕೊಂಡು ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ಕಪ್ಪು ಪರದೆಯ ಮೇಲಿನ ತಮ್ಮ ಹಸಿರು ಅಕ್ಷರಗಳೇ ಹೇಳುತ್ತಿವೆ. ನಾನು ಕ್ಷೇಮವೋ ಅಲ್ಲವೋ ಎಂಬುದು ನಾಳೆ ಬೆಳಗ್ಗೆ ಆರು ಗಂಟೆಗೆ ತೀರ್ಮಾನವಾಗಲಿದ್ದು, ಆ ತೀರ್ಮಾನ ತಮ್ಮ ಕೈಯಲ್ಲೇ ಇರುವುದರಿಂದ ಈ ಪತ್ರ.

ತಮ್ಮನ್ನು ಅರಿಯದ ಪುಣ್ಯವಂತರೂ ಇದನ್ನು ಓದಬಹುದಾದ್ದರಿಂದ ಎರಡು ಮಾತು ಹೇಳಿಬಿಡುತ್ತೇನೆ. ಜಾವಾಸ್ಕ್ರಿಪ್ಟಿನಲ್ಲಿ ಸರ್ವರ್ ಪ್ರೋಗ್ರಾಂ ಬರೆಯುವವರು ಹತ್ತು ಫೈಲುಗಳಲ್ಲಿ ಬರೆದಿಟ್ಟದ್ದನ್ನು ತಾವು ನುಂಗಿ, ಅರೆದು, ಒಂದೇ ಫೈಲಾಗಿ ಉದುರಿಸುತ್ತೀರಿ. ಆಮೇಲೂ ಸುಮ್ಮನಿರದೆ ಆ ಫೋಲ್ಡರಿನ ಮೇಲೆ ಕಣ್ಣಿಟ್ಟು ಕೂತು, ಅದರಲ್ಲಿ ಒಂದಕ್ಷರ ಬದಲಾದರೂ ಮತ್ತೆ ಮೊದಲಿಂದ ಅರೆದು, ಓಡುತ್ತಿರುವ ಸರ್ವರನ್ನು ಎಬ್ಬಿಸಿ ಹೊಸದಾಗಿ ಕೂರಿಸುತ್ತೀರಿ. ಅಂದರೆ ನಾವಿಬ್ಬರೂ ಒಂದೇ ಕಸುಬಿನವರು. ವ್ಯತ್ಯಾಸ ಇಷ್ಟೇ, ನನ್ನ ಮಿಷನ್ನು ಕಾಳು ಹಾಕಿದರೆ ಅರೆಯುತ್ತದೆ, ತಾವು ಗಾಳಿ ಬೀಸಿದರೂ ಅರೆಯುತ್ತೀರಿ.

ತಮ್ಮನ್ನು ಮನೆ ತುಂಬಿಸಿಕೊಳ್ಳಲು ಎದುರಂಗಡಿಯ ಅಕ್ರಂ ಕಾರಣ. ಮೊಬೈಲ್ ರಿಪೇರಿ ಮಾಡುವ ಆತ, ಬಿಲ್ಡ್ ಟೂಲ್ ಇಲ್ಲದೆ ಈಗ ಯಾರೂ ಒಂದು ಸಾಲನ್ನೂ ಬರೆಯುವುದಿಲ್ಲವೆಂದು ಹೆದರಿಸಿ, ಐದು ನಿಮಿಷದಲ್ಲಿ ಸಿದ್ಧವೆಂದು ಸಾರುವ ತಮ್ಮ ಪುಟವನ್ನು ತೆರೆದುಕೊಟ್ಟ. ಕೋಲಾರದಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಿದ ನಾನು ಆ ಐದು ನಿಮಿಷಗಳನ್ನು ಒಂಬತ್ತು ದಿನಗಳಿಗೆ ಹಂಚಿಕೊಂಡು ಓದಿದೆ. ತಮ್ಮೊಬ್ಬರನ್ನು ಕರೆದರೆ ತಮ್ಮ ಹಿಂದೆ ಪ್ಯಾಕೇಜುಗಳೆಂಬ ಒಂಬೈನೂರ ಹನ್ನೆರಡು ಜನ ಪರಿವಾರದವರು ಇಳಿದರು, ಒಬ್ಬರಿಗೂ ಕೆಲಸವೇನೆಂದು ಕೇಳುವ ಧೈರ್ಯ ನನಗಾಗಲಿಲ್ಲ. ತಮ್ಮ ನೇಮನಿಷ್ಠೆಗಳನ್ನು ಬರೆದಿಡುವ ಫೈಲಿನಲ್ಲಿ ಒಂದು ಕಡೆ ತಪ್ಪಿದ್ದಕ್ಕೆ ತಾವು ತೋರಿದ ಕೋಪವನ್ನಂತೂ ನಾನು ಎರಡು ಸಾಲಿನಲ್ಲಿ ಪ್ರಾಸ ಕಟ್ಟಿ ಗೋಡೆಗೆ ಅಂಟಿಸಿದ್ದೇನೆ: ‘ಒಂದು ಕಾಮಾ ಮರೆತೆ, ನಲವತ್ತು ಸಾಲು ಬೈಗಳ ಒರತೆ.’

ಹಿಟ್ಟಿನ ಮಿಷನ್ನಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ತಾವು ಕೇಳುವುದಿಲ್ಲ, ನನ್ನ ಹೆಂಡತಿ ಸುನಂದ ಕೇಳಿದ್ದಾಳೆ. ಕಾರಣ, ನನ್ನ ಸಾಲು ಲೋಕದ ಸಾಲಿನಂತಲ್ಲ. ಲೋಕದಲ್ಲಿ ಎಲ್ಲರೂ ಮೊದಲಿಗರಾಗಲು ನೂಕಾಡುತ್ತಾರೆ. ಹಿಟ್ಟಿನ ಮಿಷನ್ನಿನಲ್ಲಿ ಯಾರಿಗೂ ಒಂದನೇ ಜಾಗ ಬೇಡ. ಬೆಳಗ್ಗೆ ಮಿಷನ್ನು ಖಾಲಿ ಹೊಟ್ಟೆಯಲ್ಲಿರುತ್ತದೆ. ಮೊದಲು ಹಾಕಿದವರ ಹಿಟ್ಟಿನಲ್ಲಿ ಒಂದು ಪಾವು ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿ ಉಳಿದುಹೋಗುತ್ತದೆ. ಮಿಷನ್ನು ತಿನ್ನುತ್ತದೆ ಎನ್ನುತ್ತಾರೆ ನಮ್ಮ ಕಡೆ. ಆದ್ದರಿಂದ ಆರು ಗಂಟೆಗೇ ಬಂದವರೂ ಡಬ್ಬವನ್ನು ಬಾಗಿಲಿಂದ ದೂರ ಇಟ್ಟು, ಹಿಂದೆ ಬಂದವರಿಗೆ ‘ನೀನೇ ಮೊದ್ಲು ಹಾಕ್ಸ್ಕೊಳಮ್ಮ, ನಂಗೇನ್ ಅರ್ಜೆಂಟಿಲ್ಲ’ ಎಂದು ರಾಜಮರ್ಯಾದೆ ಕೊಡುತ್ತಾರೆ. ಕದಿರಪ್ಪ ದನಕ್ಕೆ ಜೋಳದ ನುಚ್ಚು ಒಡೆಸಲು ಬಂದ ದಿನ ಸರಿ, ಪಾವು ನುಚ್ಚು ಹೋದರೆ ಅವನ ಹಸು ತಕರಾರು ಮಾಡುವುದಿಲ್ಲ. ಅವನು ಬಾರದ ದಿನ ಈ ವಿನಯವೇ ಬೆಳೆದು ಏಳು ಗಂಟೆಯ ಹೊತ್ತಿಗೆ ಜಗಳವಾಗುತ್ತದೆ. ಅತ್ತ ಬಸ್ ಸ್ಟ್ಯಾಂಡಿನ ಬಳಿ ವೆಂಕಟ್ ಹೊಸ ಮಿಷನ್ನು ಹಾಕಿ, ಜಗಳಕ್ಕೆ ಬೇಸತ್ತವರನ್ನು ಒಬ್ಬೊಬ್ಬರಾಗಿ ಕರೆದುಕೊಳ್ಳುತ್ತಿದ್ದ. ನನ್ನಲ್ಲಿ ಉಳಿದ ಗಿರಾಕಿಗಳೆಲ್ಲ ಕೆಳಬೀದಿಯ ದೊಡ್ಡಗಂಗಮ್ಮನವರ ಕಡೆ ನೋಡುತ್ತಾರೆ. ಆಕೆಯ ಡಬ್ಬ ಎಲ್ಲಿ ಹೋದರೆ ಇಡೀ ಬೀದಿಯ ರಾಗಿ ಅಲ್ಲಿಗೆ. ಆ ಡಬ್ಬ ವೆಂಕಟ್ ಕಡೆ ನಡೆದ ದಿನ ನನ್ನಪ್ಪ ಹಾಕಿದ ಈ ಮಿಷನ್ನಿಗೆ ನಾನು ಬೀಗ ಹಾಕುವುದು.

ಅದಕ್ಕಾಗಿ ನಂಬರಿನ ವ್ಯವಸ್ಥೆ. ಬಂದವರು ಗುಂಡಿ ಒತ್ತಿದರೆ ಸರ್ವರು ಎಣಿಸಿ ಚೀಟಿ ಕೊಡುವುದು, ಚೀಟಿಯಲ್ಲಿ ನಂಬರು, ಅದರ ಕೆಳಗೆ ‘ಸಾಲು ಮುಂದೆ ಸಾಗಲಿ, ಹಿಟ್ಟು ನುಣ್ಣಗಾಗಲಿ’ ಎಂಬ ನನ್ನದೇ ಪ್ರಾಸ. ಯಾರಿಗೆ ಯಾವ ನಂಬರು ಹೋಯಿತೆಂದು ಸರ್ವರು ಒಂದು ಫೈಲಿನಲ್ಲಿ ಬರೆದಿಡಬೇಕು. ಆ ಫೈಲನ್ನು ನಾನು, ಎಲ್ಲ ಒಂದೇ ಕಡೆ ಇರಲಿ ಎಂಬ ಸಂಸಾರಸ್ಥನ ಬುದ್ಧಿಯಿಂದ, ತಾವು ಕಣ್ಣಿಟ್ಟು ಕಾಯುವ ಅದೇ ಫೋಲ್ಡರಿನಲ್ಲಿ ಇಟ್ಟೆ.

ಶುಕ್ರವಾರ ಬೆಳಗ್ಗೆ ದೊಡ್ಡಗಂಗಮ್ಮನವರು ಗುಂಡಿ ಒತ್ತಿದರು, ಒಂದು ಬಂತು. ಸರ್ವರು ಅದನ್ನು ಫೈಲಿನಲ್ಲಿ ಬರೆಯಿತು. ಫೈಲು ಬದಲಾಯಿತೆಂದು ತಾವು ಕಂಡಿರಿ, ಅರೆದಿರಿ, ಸರ್ವರನ್ನು ಎಬ್ಬಿಸಿ ಹೊಸದಾಗಿ ಕೂರಿಸಿದಿರಿ. ಬರೆದದ್ದನ್ನು ತಿರುಗಿ ಓದಲು ನಾನು ಕಲಿಸಿರಲಿಲ್ಲವಾಗಿ, ನಿದ್ದೆಯಿಂದೆದ್ದ ಅದಕ್ಕೆ ಹಿಂದಿನ ಎಣಿಕೆ ಮರೆತಿತ್ತು. ಹಿಂದೆ ನಿಂತಿದ್ದ ಶಕೀಲಾ ಒತ್ತಿದರು, ಒಂದು. ಅಂದು ಜೋಳ ಬಿಟ್ಟು ರಾಗಿ ತಂದಿದ್ದ ಕದಿರಪ್ಪ ಒತ್ತಿದ, ಒಂದು. ಹೀಗೆ ಹನ್ನೊಂದು ಜನರಿಗೆ ಹನ್ನೊಂದು ಒಂದುಗಳನ್ನು ತಾವು ದಯಪಾಲಿಸಿದಿರಿ. ತಮ್ಮ ಈ ಸಮದರ್ಶಿತ್ವವನ್ನು ಎಷ್ಟು ಹೊಗಳಿದರೂ ಸಾಲದು, ಮೇಲು ಕೀಳೆಂಬ ಭೇದವನ್ನು ನಮ್ಮ ಹಿರಿಯರು ನೂರಾರು ವರ್ಷ ಹೇಳಿ ಹೋಗಲಾಡಿಸಲಾಗದ್ದನ್ನು ತಾವು ಹತ್ತು ನಿಮಿಷದಲ್ಲಿ ಒಂದು ಪ್ರಿಂಟರಿನಿಂದ ಮಾಡಿದಿರಿ.

ದೊಡ್ಡಗಂಗಮ್ಮನವರು ಹನ್ನೊಂದು ಚೀಟಿಗಳನ್ನೂ ಇಸಿದುಕೊಂಡು ಜಗಲಿಯ ಮೇಲೆ ಸಾಲಾಗಿ ಜೋಡಿಸಿ, ಕನ್ನಡಕ ಸರಿಮಾಡಿಕೊಂಡು, ಮೆಲ್ಲಗೆ ಕೇಳಿದರು: “ಎಲ್ರೂ ಮೊದ್ಲು ಅಂದ್ರೆ ಎಲ್ರುದ್ದೂ ತಿಂತೈತೆ ಅಂತ ತಾನೇ ನಾಯ್ನಾ? ತಿನ್ನೋದು ಮಿಷನ್ನಾ, ನೀನಾ?”

ಮಾನ್ಯರೇ, ಕಳ್ಳ ಎಂದು ಬೈದಿದ್ದರೆ ಉತ್ತರ ಹೇಳಬಹುದಿತ್ತು. ಹೆತ್ತ ಮಗನನ್ನು ಕರೆಯುವಂತೆ ನಾಯ್ನಾ ಎಂದು ಕರೆದು ಕೇಳಿದರು, ನಾನು ಚೀಟಿಗಳನ್ನು ಇನ್ನೊಮ್ಮೆ ಎಣಿಸಿದೆ. ಆಗ ಶಕೀಲಾ ಒಂದು ದಾರಿ ತೋರಿಸಿದರು: ಹಾಗಾದರೆ ಒಬ್ಬೊಬ್ಬರ ಡಬ್ಬಕ್ಕೂ ಮುಂಚೆ ವೇಣಣ್ಣ ತನ್ನ ಮನೆಯ ರಾಗಿ ಒಂದು ಪಾವು ಹಾಕಲಿ, ಮಿಷನ್ನು ತಿಂದರೆ ವೇಣಣ್ಣನದ್ದನ್ನೇ ತಿನ್ನಲಿ. ಎಲ್ಲರೂ ತಲೆಯಾಡಿಸಿದರು. ನಾನೂ ಮಾನ ಉಳಿದರೆ ಸಾಕೆಂದು ಹನ್ನೊಂದು ಸಲ ಪಾವು ಅಳೆದೆ. ಆಮೇಲೆ ಹೊಳೆಯಿತು: ಮಿಷನ್ನಿನ ಹೊಟ್ಟೆ ಮೊದಲ ಪಾವಿಗೇ ತುಂಬಿತ್ತು, ಉಳಿದ ಹತ್ತು ಪಾವು ನೇರವಾಗಿ ಹತ್ತು ಡಬ್ಬಗಳಿಗೆ ಬಿದ್ದಿತ್ತು. ನನಗೆ ಹೊಳೆಯುವ ಮೊದಲೇ ಅದು ಕೆಳಬೀದಿಗೆ ಗೊತ್ತಾಗಿತ್ತು.

ಶನಿವಾರ ಹದಿನೇಳು ಜನ. ಭಾನುವಾರ ಇಪ್ಪತ್ತಾರು. ಅದರಲ್ಲಿ ಸೆರಗಿನಲ್ಲಿ ಮುಖ ಮರೆಸಿಕೊಂಡು ಬಂದು, ಗುಂಡಿ ಒತ್ತಿ, ಒಂದನೇ ನಂಬರಿನ ಚೀಟಿಯನ್ನು ಕಣ್ಣಿಗೊತ್ತಿಕೊಂಡ ಮುತ್ಯಾಲಮ್ಮ ಎಂಬವರು ವೆಂಕಟ್‌ನ ಸ್ವಂತ ತಾಯಿ. ಯಾರಿಗೂ ಬೇಡದಿದ್ದ ಒಂದನೇ ಜಾಗಕ್ಕೆ ಊರೇ ಸಾಲು ನಿಂತಿತು, ದೊಡ್ಡಗಂಗಮ್ಮನವರು ಮೂರೂ ದಿನ ಎಲ್ಲರಿಗಿಂತ ಮುಂಚೆ ಬಂದು, ‘ನಂದೇ ಅಸಲಿ ಒಂದು’ ಎಂಬಂತೆ ಜಗಲಿಯ ಮೇಲೆ ಕೂತರು. ನನ್ನ ಮಿಷನ್ನು ಇಷ್ಟು ತುಂಬಿದ್ದನ್ನು ನಾನು ನನ್ನಪ್ಪನ ಕಾಲದಲ್ಲೂ ಕಂಡಿರಲಿಲ್ಲ.

ಮನೆಯ ರಾಗಿ ಚೀಲ ಖಾಲಿಯಾಗಿದ್ದನ್ನೂ ಕಂಡಿರಲಿಲ್ಲ. ಸುನಂದ ಚೀಲವನ್ನು ಒದರಿ, ಮಡಿಸಿ, ನನ್ನ ತಟ್ಟೆಯ ಜಾಗದಲ್ಲಿ ಇಟ್ಟು ಹೇಳಿದಳು: “ಊರೋರೆಲ್ಲ ಒಂದನೇ ನಂಬರಾದ್ರು. ಮುದ್ದೆಗೆ ನಾವೇ ಕೊನೇ ನಂಬರು, ಎದ್ದೇಳಿ.”

ಹಾಗಾಗಿ ತಮ್ಮ ಪುಟವನ್ನು ಮತ್ತೆ ಮೊದಲಿಂದ ಓದಿದೆ. ಕೊನೆಯ ತುದಿಯಲ್ಲಿ, ಯಾವ ಫೋಲ್ಡರನ್ನು ನೋಡಬಾರದೋ ಅದರ ಹೆಸರನ್ನು ಒಂದು ಸಾಲಿನಲ್ಲಿ ಬರೆದರೆ ಸಾಕು, ಅತ್ತ ಕಣ್ಣು ಹಾಯಿಸುವುದಿಲ್ಲವೆಂದು ತಾವೇ ಹೇಳಿಕೊಂಡಿದ್ದೀರಿ. ಚೀಟಿಯ ಫೈಲನ್ನು ಬೇರೆ ಫೋಲ್ಡರಿಗೆ ಸಾಗಿಸಿ ಆ ಸಾಲು ಬರೆದೆ. ಇಂದು ಸೋಮವಾರ, ತಾವು ಅಚ್ಚುಕಟ್ಟಾಗಿ ಕಣ್ಣು ಮುಚ್ಚಿಕೊಂಡಿರಿ. ಒಂದು, ಎರಡು, ಮೂರು. ಅಕ್ರಂ ಬಂದು ಕೈಕುಲುಕಿ ಹೋದ. ಒಂದು ಬಂದದ್ದು ಕದಿರಪ್ಪನಿಗೆ, ಅವನು ಜೋಳ ತಂದಿದ್ದ. ಇನ್ನು ನನ್ನ ರಾಗಿಯ ಅಗತ್ಯವೇ ಇರಲಿಲ್ಲ. ಇಷ್ಟು ಸರಿಯಾದ ದಿನ ನನ್ನ ಬಾಳಿನಲ್ಲಿ ಮತ್ತೊಂದಿಲ್ಲ.

ಒಂದು ಹೇಗೂ ಸಿಗುತ್ತದೆಂದು ನಿಧಾನವಾಗಿ ಬಂದ ದೊಡ್ಡಗಂಗಮ್ಮನವರಿಗೆ ನಾಲ್ಕು ಬಂತು. ಚೀಟಿಯನ್ನು ತಿರುಗಿಸಿ ನೋಡಿದರು, ಹಿಂದೆ ಏನೂ ಇರಲಿಲ್ಲ. “ನಿನ್ನೆಗಂಟ ಒಂದಾಗಿದ್ದೋಳು. ನಾಕಕ್ಕೆ ಇಳಿಯೋವಂಥದ್ದು ನಾನೇನ್ ಮಾಡ್ದೆ ನಾಯ್ನಾ?” ರಾಗಿಯ ಮಾತೇ ಆಡಲಿಲ್ಲ. ಪಾವು ಹೋದದ್ದಕ್ಕೆ ಬೇಜಾರಾದರೆ ಪಾವು ಕೊಡಬಹುದು. ಆಕೆಗೆ ಬೇಜಾರಾದದ್ದು ಮೂರು ನಂಬರು ಕೆಳಗಿಳಿದದ್ದಕ್ಕೆ. ಡಬ್ಬವನ್ನು ಒಳಗೂ ಇಡಲಿಲ್ಲ, ವೆಂಕಟ್ ಕಡೆಗೂ ಒಯ್ಯಲಿಲ್ಲ, ನನ್ನ ಹೊಸ್ತಿಲ ಮೇಲೆ ಇಟ್ಟು, ನಾಳೆ ಆರಕ್ಕೆ ಬಂದು ನೋಡುತ್ತೇನೆಂದು ಹೇಳಿ ಹೊರಟರು. ಕೆಳಬೀದಿಯ ಉಳಿದ ಡಬ್ಬಗಳು ಅದರ ಪಕ್ಕದಲ್ಲಿ ಒಂದೊಂದಾಗಿ ಬಂದು ಕೂತಿವೆ. ಈಗ ಮಿಷನ್ನಿನೊಳಗೆ ಹೋಗಬೇಕಾದರೆ ನಾನು ಅವನ್ನು ದಾಟಿಕೊಂಡು ಹೋಗಬೇಕು.

ಆದಕಾರಣ ಕೈಮುಗಿದು ಬೇಡುವುದೇನೆಂದರೆ, ಆ ಒಂದು ಸಾಲನ್ನು ನಾನು ಇದೀಗ ಅಳಿಸಿದ್ದೇನೆ, ಫೈಲನ್ನು ಮರಳಿ ಹಳೇ ಜಾಗದಲ್ಲೇ ಇಟ್ಟಿದ್ದೇನೆ. ನಾಳೆ ಬೆಳಗ್ಗೆ ತಾವು ದಯವಿಟ್ಟು ಮೊದಲಿನಂತೆಯೇ ಕೆಡಬೇಕು. ನಂಬರಿನಲ್ಲಿ ಕೆಡಿ, ರಾಗಿಯಲ್ಲಿ ಕೆಡಬೇಡಿ. ಎಲ್ಲರೂ ಒಂದೇ ಎಂದು ಚೀಟಿಗೆ ಹೇಳಿ, ಒಬ್ಬರೇ ಒಂದು ಎಂದು ಮಿಷನ್ನಿಗೆ ಹೇಳಿ. ಇದು ಆಗದ ಕೆಲಸವೆಂದು ತಾವು ನಲವತ್ತು ಕೆಂಪು ಸಾಲು ಬರೆಯುವ ಮುನ್ನ ಒಮ್ಮೆ ಹೊಸ್ತಿಲ ಕಡೆ ನೋಡಬೇಕಾಗಿ ಪ್ರಾರ್ಥನೆ. ಆಗದಿದ್ದರೆ ಪಾವು ನನ್ನದೇ ಇರಲಿ, ಸುನಂದಳ ತವರು ಬೈರಕೂರಿನಿಂದ ಒಂದು ಚೀಲ ರಾಗಿ ಹೊರಟಿದೆ. ಅದು ಯಾತಕ್ಕೆಂದು ತವರಿನವರಿಗೆ ನಾನಿನ್ನೂ ತಿಳಿಸಿಲ್ಲ.

ತಮ್ಮ ಸರಿಯನ್ನು ಒಂದು ದಿನವಷ್ಟೇ ಸಹಿಸಿಕೊಂಡ,
ತಮ್ಮ ವಿಶ್ವಾಸಿ,
ವೇಣುಗೋಪಾಲ್
ಹಿಟ್ಟಿನ ಮಿಷನ್, ಹೋಳೂರು

ವಿ.ಸೂ.: ತಮ್ಮ ಪುಟದಲ್ಲಿ ದೂರು ಸಲ್ಲಿಸುವ ನಮೂನೆಯೊಂದಿದೆ. ‘ಏನಾಗಬೇಕಿತ್ತು’ ಎಂಬಲ್ಲಿ ‘ತಪ್ಪು’ ಎಂದೂ, ‘ಏನಾಯಿತು’ ಎಂಬಲ್ಲಿ ‘ಸರಿ’ ಎಂದೂ ತುಂಬಿ ಕಳಿಸಿದೆ. ಕ್ಷಣಾರ್ಧದಲ್ಲಿ ಉತ್ತರ ಬಂತು: ನನ್ನ ದೂರಿನ ಸರದಿ ಸಂಖ್ಯೆ 4,312 ಅಂತೆ. ಒಂದನೇ ನಂಬರು ಕೊಡಲು ತಮಗೆ ಬರುವುದಿಲ್ಲವೆಂದು ಮಾತ್ರ ಹೇಳಬೇಡಿ. ಕಣ್ಣಾರೆ ಕಂಡವರು ಹೋಳೂರಿನಲ್ಲಿ ಇಪ್ಪತ್ತಾರು ಜನರಿದ್ದಾರೆ, ಚೀಟಿಗಳನ್ನು ಜೋಪಾನವಾಗಿಯೂ ಇಟ್ಟಿದ್ದಾರೆ.